ಫೆಬ್ರವರಿಗೆ ಇಪ್ಪತ್ತೆಂಟೇ ದಿನಗಳೇಕೆ? – ಮೇಷ್ಟ್ರ ತಪ್ಪೊಪ್ಪಿಗೆ

ಕಳೆದ ತಿಂಗಳು ಬಂಧುಗಳೊಬ್ಬರ ಮನೆಯ ಮದುವೆಯಲ್ಲಿ ಮುಯ್ಯಿ ಮಾಡಲೆಂದು ಐನೂರರ ನೋಟನ್ನು ಲಕೋಟೆಯೊಳಗಿಟ್ಟು, ಒಂದು ರೂಪಾಯಿಯ ನಾಣ್ಯಕ್ಕಾಗಿ ಜೇಬುಗಳನ್ನೆಲ್ಲ ತಡಕುತ್ತಿದ್ದೆ. ಪಕ್ಕದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನಾಣ್ಯವನ್ನು ಕೈಗಿತ್ತು, "ಸಾರ್, ಫೆಬ್ರವರಿಯಿಂದ ದಿನ ಕದ್ದ ಆಗಸ್ಟಸ್‌ನ ಕಥೆಯನ್ನು ನನ್ನ ಮಗನಿಗೂ ಹೇಳಿದ್ದೇನೆ" ಎಂದ. ನನಗೆ ನಾಚಿಕೆಯಾಯಿತು.

ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಆ ಕಥೆ ನೆನಪಿರಬೇಕು. ಜೂಲಿಯಸ್ ಸೀಸರನ ಜುಲೈಗೆ 31 ದಿನಗಳಿರುವಾಗ ತನ್ನ ತಿಂಗಳಿಗೆ ಕಡಿಮೆಯಾಗಬಾರದೆಂದು ಆಗಸ್ಟಸ್ ಚಕ್ರವರ್ತಿ ಫೆಬ್ರವರಿಯ ಒಂದು ದಿನವನ್ನು ಕಿತ್ತುಕೊಂಡನೆಂದು ವರ್ಷ ವರ್ಷವೂ ಹೇಳುತ್ತಿದ್ದೆ. ಪ್ರಿಯ ಶಿಷ್ಯರೇ, ಅದು ಶುದ್ಧ ಸುಳ್ಳು. ಅದನ್ನು ಹಬ್ಬಿಸಿದವನು 13ನೆಯ ಶತಮಾನದ ಸ್ಯಾಕ್ರೊಬೋಸ್ಕೊ ಎಂಬ ಪಂಡಿತ. ಇಟಲಿಯ ಆಂಜಿಯೊದಲ್ಲಿ 1915ರಲ್ಲಿ ದೊರೆತ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಪಂಚಾಂಗವು ಸೀಸರನ ಸುಧಾರಣೆಗಿಂತ ಹಿಂದಿನ ಪದ್ಧತಿಯದು. ಅದರಲ್ಲಿಯೇ ಫೆಬ್ರವರಿಗೆ 28 ದಿನಗಳು!

ನಿಜವಾದ ಕಾರಣ ನನ್ನ ಕೈಯಲ್ಲಿದ್ದ ಆ ನಾಣ್ಯಕ್ಕೆ ಹತ್ತಿರದ್ದು. ರೋಮನರಿಗೆ ಬೆಸ ಸಂಖ್ಯೆ ಶುಭ, ಸರಿ ಸಂಖ್ಯೆ ಅಶುಭ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು. ಸರಿ ಸಂಖ್ಯೆಯಾಯಿತೆಂದು ಒಂದನ್ನು ಕೂಡಿಸಿ ವರ್ಷವನ್ನು 355 ಮಾಡಿಕೊಂಡರು. ಇದನ್ನು ಮಾಡಿದವನು ನೂಮಾ ಎಂಬ ಅರಸನೆಂಬುದು ಅವರ ಐತಿಹ್ಯ. ನಾಲ್ಕು ತಿಂಗಳುಗಳಿಗೆ 31, ಏಳಕ್ಕೆ 29 ದಿನಗಳನ್ನು ಹಂಚಿದರು. ಆದರೆ ಗಣಿತ ಯಾವ ದೇವರಿಗೂ ಬಾಗುವುದಿಲ್ಲ. ಹನ್ನೆರಡು ಬೆಸ ಸಂಖ್ಯೆಗಳನ್ನು ಕೂಡಿದರೆ ಬರುವುದು ಸರಿ ಸಂಖ್ಯೆಯೇ. (ನಂಬದವರು ಕೂಡಿ ನೋಡಿರಿ.) ವರ್ಷದ ಮೊತ್ತ ಬೆಸವಾಗಬೇಕಾದರೆ ಒಂದು ತಿಂಗಳಾದರೂ ಸರಿಯಾಗಿರಲೇಬೇಕು. ಆ ಅಶುಭವನ್ನು ಹೊರಲು ಫೆಬ್ರವರಿಯನ್ನು ಆರಿಸಿದರು. ಅದು ಶುದ್ಧೀಕರಣದ ತಿಂಗಳು, ನಮ್ಮ ಪಿತೃಪಕ್ಷದಂತೆ ಗತಿಸಿದವರನ್ನು ನೆನೆಯುವ ಕಾಲ.

ಸೀಸರ್ ಕ್ರಿ.ಪೂ. 46ರಲ್ಲಿ ಪಂಚಾಂಗವನ್ನು ತಿದ್ದಿದಾಗ 29 ದಿನಗಳ ತಿಂಗಳುಗಳಿಗೆ ಒಟ್ಟು ಹತ್ತು ದಿನಗಳನ್ನು ಸೇರಿಸಿದ. ಮುಂದೆ ಆಗಸ್ಟ್ ಎಂದು ಹೆಸರಾದ ತಿಂಗಳಿಗೆ 31 ದಿನಗಳು ಬಂದದ್ದು ಆಗಲೇ. ಹೆಸರು ಬದಲಾದದ್ದು ಕ್ರಿ.ಪೂ. 8ರಲ್ಲಿ. ಫೆಬ್ರವರಿಯನ್ನು ಮಾತ್ರ ಮುಟ್ಟಲಿಲ್ಲ. ಪಾತಾಳದ ದೇವತೆಗಳ ಪೂಜೆಗೆ ಭಂಗ ಬರಬಾರದೆಂಬುದು ಪ್ರಾಚೀನ ಲೇಖಕ ಮ್ಯಾಕ್ರೋಬಿಯಸ್ ಕೊಡುವ ವಿವರಣೆ.

ಸರಿ ಸಂಖ್ಯೆ ಎರಡಾಗಿ ಒಡೆಯುತ್ತದೆ, ಬೆಸದಲ್ಲಿ ಒಂದು ಉಳಿಯುತ್ತದೆ ಎಂಬ ಭಾವನೆ ಗ್ರೀಕ್ ಪೈಥಾಗೊರಸನ ಅನುಯಾಯಿಗಳಲ್ಲಿತ್ತು. ಮುಯ್ಯಿಯ ಒಂದು ರೂಪಾಯಿಗೆ ನಮ್ಮ ಅಜ್ಜಿ ಹೇಳುತ್ತಿದ್ದುದೂ ಅದನ್ನೇ: ನೂರು ಭಾಗವಾಗಿ ಹೋಗುತ್ತದೆ, ನೂರೊಂದರಲ್ಲಿ ಸಂಬಂಧ ಉಳಿಯುತ್ತದೆ. ಅಜ್ಜಿ ಪೈಥಾಗೊರಸನ ಹೆಸರನ್ನು ಕೇಳಿದವರಲ್ಲ. ವಿಚಿತ್ರವೆಂದರೆ, ನಮ್ಮ ಭಾಷೆಯಲ್ಲಿ ‘ಸರಿ’ ಎಂದರೆ ಯುಕ್ತವೆಂದೂ ಅರ್ಥ, ಸಂಸ್ಕೃತದ ‘ವಿಷಮ’ಕ್ಕೆ ಕಷ್ಟವೆಂದೂ ಅರ್ಥ, ಆದರೂ ಮಂಗಳಕಾರ್ಯಕ್ಕೆ ನಾವು ಕೊಡುವುದು ವಿಷಮವನ್ನೇ. ಸತ್ತವರ ಹನ್ನೊಂದನೆಯ, ಹದಿಮೂರನೆಯ ದಿನಗಳೂ ಬೆಸವೇ. ರೋಮನರು ಇದನ್ನು ಒಪ್ಪುತ್ತಿದ್ದರೋ ಇಲ್ಲವೋ!

ಮದುವೆಮನೆಯ ಗದ್ದಲದಲ್ಲಿ ಆ ಶಿಷ್ಯನಿಗೆ ಇದನ್ನೆಲ್ಲ ಹೇಳುವ ಧೈರ್ಯ ಬರಲಿಲ್ಲ. ಅವನು ಇದನ್ನು ಓದಿ ಮಗನ ಪಾಠವನ್ನು ತಿದ್ದಲಿ. ಅವನ ಒಂದು ರೂಪಾಯಿಯೂ ನನ್ನಿಂದ ಬಾಕಿಯಿದೆ.