ಅಡಿಬರಹದ 'ಹೈದರಾಬಾದ್': ಯುದ್ಧಕಾಲದ ಶಾಯಿ ಭಾವಚಿತ್ರದಲ್ಲಿರುವ ಸಿಪಾಯಿ ಯಾವ ಊರಿನವನು?

ಮಹಾಯುದ್ಧಗಳ ಕಾಲದ ಸಿಪಾಯಿಯೊಬ್ಬನ ಶಾಯಿಚಿತ್ರದ ಕೆಳಗೆ 'ಹೈದರಾಬಾದ್' ಎಂದಿದ್ದರೆ ಆತನನ್ನು ನಿಜಾಮನ ಪ್ರಜೆಯೆಂದು ಎಣಿಸುವುದು ಆತುರದ ತೀರ್ಮಾನ. ಆ ಊರಿನ ನಂಟು ಹೊತ್ತ ಪಡೆಗಳು ಒಂದಕ್ಕಿಂತ ಹೆಚ್ಚು.

ಹೈದರಾಬಾದ್ ಲ್ಯಾನ್ಸರ್ಸ್ ಸಂಸ್ಥಾನದ್ದೇ ಅಶ್ವದಳ. ಮೊದಲ ಮಹಾಯುದ್ಧದಲ್ಲಿ ಮೈಸೂರು, ಜೋಧಪುರದ ಲ್ಯಾನ್ಸರುಗಳೊಂದಿಗೆ ಅದು ಪ್ಯಾಲೆಸ್ತೀನಿನಲ್ಲಿತ್ತು. ದೆಹಲಿಯ ತೀನ್ ಮೂರ್ತಿಯಲ್ಲಿ ಲಿಯೊನಾರ್ಡ್ ಜೆನ್ನಿಂಗ್ಸ್ ಕಡೆದ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರದು. ಡೆಕ್ಕನ್ ಹಾರ್ಸ್‌ನ ಕಥೆ ಬೇರೆ. ನಿಜಾಮನ ಹಣದಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಾಂಟಿಂಜೆಂಟ್ 1903ರಲ್ಲಿ ಭಾರತೀಯ ಸೇನೆಯಲ್ಲಿ ಕರಗಿದಾಗ ಡೆಕ್ಕನ್ ಹಾರ್ಸ್ ಸೇನೆಯ ರೆಜಿಮೆಂಟಾಯಿತು. 1916ರ ಜುಲೈ 14ರಂದು ಫ್ರಾನ್ಸಿನ ಸೊಮ್ಮ್ ರಣರಂಗದಲ್ಲಿ ಕುದುರೆಯೇರಿ ನುಗ್ಗಿದ ಅದರ ಸವಾರರಲ್ಲಿ ದಕ್ಕನಿ ಮುಸ್ಲಿಮರ ಜೊತೆಗೆ ಸಿಖ್ಖರೂ ಜಾಟರೂ ಇದ್ದರು. ಕಾಂಟಿಂಜೆಂಟಿನ ಕಾಲಾಳುಗಳ ಉತ್ತರಾಧಿಕಾರಿ 19ನೆಯ ಹೈದರಾಬಾದ್ ರೆಜಿಮೆಂಟ್. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದರಲ್ಲಿ ತುಂಬಿದ್ದವರು ಕುಮಾವೂನಿಗಳು, ಜಾಟರು, ಅಹೀರರು. ಅದರ 8ನೆಯ ಬೆಟಾಲಿಯನ್ನನ್ನು ಅರಕಾನಿನಲ್ಲಿ ಮುನ್ನಡೆಸಿದವರು ಕೊಡಗಿನ ಕೆ. ಎಸ್. ತಿಮ್ಮಯ್ಯ.

ಶಾಯಿ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪ್ಯಾಲೆಸ್ತೀನಿಗೆ 1917ರಲ್ಲಿ ನೇಮಕಗೊಂಡ ಅಧಿಕೃತ ಯುದ್ಧಚಿತ್ರಕಾರ ಜೇಮ್ಸ್ ಮೆಕ್‌ಬೆ, 1943ರಲ್ಲಿ ಬರ್ಮಾ ಗಡಿಗೆ ಬಂದ ಆಂಥನಿ ಗ್ರಾಸ್, ಇಬ್ಬರೂ ಲೇಖನಿ ಮತ್ತು ತೆಳುಬಣ್ಣವನ್ನು ಬಳಸಿದವರು. ಶಾಯಿಯ ಗೆರೆಯನ್ನು ಅಳಿಸಿ ತಿದ್ದುವಂತಿಲ್ಲ. ಎದುರಿನವನಿಗೂ ಹೆಚ್ಚು ಹೊತ್ತು ಕೂರಲು ಪುರುಸೊತ್ತಿಲ್ಲ. ಹಾಗಾಗಿ ಕಣ್ಣು, ಮೀಸೆ, ರುಮಾಲಿಗೆ ಗೆರೆಗಳು ದಟ್ಟವಾಗಿ ಸಲ್ಲುತ್ತವೆ, ಭುಜ ಬರಿಯ ಹೊರರೇಖೆಯಲ್ಲಿ ಮುಗಿಯುತ್ತದೆ. ಪಡೆಯ ಹೆಸರಿನ ಲೋಹದ ಅಕ್ಷರಗಳಿರುವುದು ಆ ಭುಜದ ಮೇಲೆಯೇ! ಉಳಿಯುವ ಸಾಕ್ಷ್ಯ ರುಮಾಲು. ಅದರ ಸುತ್ತು ಸಿಪಾಯಿಯ ಸಮುದಾಯವನ್ನಷ್ಟೇ ಅಲ್ಲ, ಪಡೆಯ ಪದ್ಧತಿಯನ್ನೂ ಹೇಳುತ್ತದೆ. ಎರಡನ್ನೂ ಬೇರ್ಪಡಿಸದೆ ಅದನ್ನು ಓದಬಾರದು.

ಮುಖದ ಆಧಾರದಲ್ಲಿ 'ದಕ್ಕನಿ ಚಹರೆ' ಎಂದು ಬರೆಯುವ ಕಲಾವಿಮರ್ಶೆಯನ್ನು ನಾನು ನಂಬುವುದಿಲ್ಲ. ಅದಕ್ಕಿಂತ ಅಡಿಬರಹವೇ ಮೇಲು. ಅದು ಊರನ್ನು ಹೇಳದಿದ್ದರೂ ಕಾಲವನ್ನು ಹೇಳುತ್ತದೆ. 19ನೆಯ ಹೈದರಾಬಾದ್ ಎಂಬ ಹೆಸರು ಬಂದದ್ದು 1922ರಲ್ಲಿ. 1945ರ ಅಕ್ಟೋಬರಿನಲ್ಲಿ ಆ ರೆಜಿಮೆಂಟ್ ಕುಮಾವೂನ್ ಎಂದು ಮರುನಾಮಕರಣಗೊಂಡಿತು. '19ನೆಯ ಹೈದರಾಬಾದ್' ಎಂದು ಚಿತ್ರಕಾರನೇ ಬರೆದಿದ್ದರೆ ಹಾಳೆ ಈ ಎರಡು ವರ್ಷಗಳ ನಡುವಿನದು.