ಫೋನ್‌ಪೇ ಸ್ಟಿಕ್ಕರ್ ಕಿತ್ತರೂ ಜಿಎಸ್‌ಟಿ ಲೆಕ್ಕ ತಪ್ಪಲ್ಲ: ಅಂಗಡಿಯವರು ತಿಳಿದಿರಬೇಕಾದ ವಿಷಯ

ಚಿತ್ರದುರ್ಗ: 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನೋ ಚೀಟಿ ಬಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ನಡೆಸಿ, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದರು. 25ರ ಬಂದ್ ಕೈಬಿಟ್ಟರು. ಗಲಾಟೆ ತಣ್ಣಗಾಯ್ತು, ಕಾನೂನು ಹಾಗೇ ಇದೆ.

ಕ್ಯಾಶ್ ತಗೊಂಡರೆ ತೆರಿಗೆ ಇಲ್ಲ ಅನ್ನೋದು ತಪ್ಪು ತಿಳುವಳಿಕೆ. ವಹಿವಾಟು ಅಂದರೆ ನಗದು, ಯುಪಿಐ, ಕಾರ್ಡ್, ಚೆಕ್ ಎಲ್ಲ ಸೇರಿ. ಯುಪಿಐ ಹಣ ಕಣ್ಣಿಗೆ ಬೀಳುತ್ತೆ, ಅಷ್ಟೇ ವ್ಯತ್ಯಾಸ.

ಮಿತಿ ಎಷ್ಟು?

ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ. ದಿನದ ಲೆಕ್ಕಕ್ಕೆ ಇಳಿಸಿದರೆ ಅಂಗಡಿಗೆ ಸುಮಾರು 11 ಸಾವಿರ, ಸೇವೆಗೆ ಸುಮಾರು 5,500. ಇದು ಲಾಭ ಅಲ್ಲ, ಒಟ್ಟು ಮಾರಾಟ. ಹೋಟೆಲ್ ಊಟ-ತಿಂಡಿ ಸೇವೆ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಹಿರಿಯೂರಿನ ಹೈವೇ ಪಕ್ಕದ ಸಣ್ಣ ಹೋಟೆಲ್‌ನವರಿಗೆ ಮಿತಿ 20 ಲಕ್ಷ. ಇಲ್ಲೇ ತುಂಬಾ ಜನ ಎಡವೋದು.

ತರಕಾರಿ, ಹಣ್ಣು, ಹಾಲು, ಬಿಡಿ ಹೂವು ಮಾತ್ರ ಮಾರುವವರಿಗೆ ಎಷ್ಟೇ ವ್ಯಾಪಾರ ಆದರೂ ನೋಂದಣಿ ಬೇಡ. ಆದರೆ ಅದೇ ಅಂಗಡಿಯಲ್ಲಿ ಬಿಸ್ಕತ್ತು, ಸೋಪು ಇಟ್ಟರೆ ಮಿತಿ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತೆ. ಹೊಳಲ್ಕೆರೆ ರೈತ ಸ್ವಂತ ತೋಟದ ಅಡಿಕೆ ಮಾರಿದರೆ ನೋಂದಣಿ ಬೇಡ. ಅದನ್ನು ಕೊಂಡು ಮಾರುವ ವ್ಯಾಪಾರಿಗೆ ಒಣ ಅಡಿಕೆ ಮೇಲೆ ಶೇ 5 ತೆರಿಗೆ ಇದೆ.

ಮನೆ ದುಡ್ಡು, ಅಂಗಡಿ ದುಡ್ಡು

ನಿಜವಾದ ತೊಂದರೆ ಇರೋದು ಇಲ್ಲಿ. ಅಂಗಡಿ ಕ್ಯುಆರ್ ಕೋಡ್‌ಗೆ ಜೋಡಿಸಿದ ಖಾತೆಗೇ ಬೆಂಗಳೂರಲ್ಲಿರೋ ಮಗ ಮನೆ ಖರ್ಚಿಗೆ ಹಣ ಹಾಕ್ತಾನೆ. ಕೈಸಾಲ ಕೊಟ್ಟವರು ಅಲ್ಲಿಗೇ ವಾಪಸ್ ಹಾಕ್ತಾರೆ. ಸಂಘದ ಸಾಲ, ಚೀಟಿ ದುಡ್ಡು ಎಲ್ಲ ಒಂದೇ ಕಡೆ. ಇದ್ಯಾವುದೂ ಮಾರಾಟ ಅಲ್ಲ, ತೆರಿಗೆಯೂ ಬರಲ್ಲ. ಆದರೆ 32 ಲಕ್ಷ ವ್ಯಾಪಾರದ ಅಂಗಡಿಯ ಖಾತೆಯಲ್ಲಿ ಇದೆಲ್ಲ ಸೇರಿ 41 ಲಕ್ಷ ಕಂಡರೆ, ನೋಟಿಸ್ ಬಂದಾಗ 9 ಲಕ್ಷ ಯಾರದು, ಯಾತಕ್ಕೆ ಬಂತು ಅಂತ ಕಾಗದ ತೋರಿಸಿ ಹೇಳಬೇಕಾದವರು ಅಂಗಡಿಯವರೇ. ನಾಲ್ಕು ವರ್ಷ ಹಿಂದಿನ ಕೈಸಾಲಕ್ಕೆ ಯಾರ ಹತ್ರ ಕಾಗದ ಇರುತ್ತೆ? ಇವತ್ತೇ ಅಂಗಡಿಗೆ ಬೇರೆ ಖಾತೆ ಮಾಡಿ, ಕ್ಯುಆರ್ ಅದಕ್ಕೆ ಬದಲಾಯಿಸಿಕೊಳ್ಳಿ. ದಿನದ ಮಾರಾಟ, ಸರಕು ಕೊಂಡ ಬಿಲ್ಲು ಒಂದು ನೋಟ್‌ಬುಕ್‌ನಲ್ಲಿರಲಿ. ನೋಟಿಸ್ ಬಂದರೆ ಸುಮ್ಮನಿರದೆ ಅದರಲ್ಲಿರುವ ಗಡುವಿನೊಳಗೆ ಉತ್ತರ ಕೊಡಿ.

ಮಿತಿ ದಾಟಿದರೆ?

ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸರ್ಕಾರಿ ಶುಲ್ಕ ಏನೂ ಇಲ್ಲ. ಆನ್‌ಲೈನ್ ಸೆಂಟರ್‌ನವರು ತಗೊಳ್ಳೋದು ಅವರ ಕೂಲಿ. ಪ್ಯಾನ್, ಆಧಾರ್, ಫೋಟೋ, ಪಾಸ್‌ಬುಕ್, ಅಂಗಡಿಯ ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್ ಬೇಕು.

ವರ್ಷಕ್ಕೆ 1.5 ಕೋಟಿವರೆಗಿನ ಅಂಗಡಿಗಳಿಗೆ ಕಾಂಪೋಸಿಷನ್ (ರಾಜಿ ತೆರಿಗೆ) ಪದ್ಧತಿ ಇದೆ. ತೆರಿಗೆ ಬರುವ ಸರಕಿನ ಮಾರಾಟದ ಮೇಲೆ ಶೇ 1, ಹೋಟೆಲ್‌ಗೆ ಶೇ 5. ಹೊಸದುರ್ಗದ ಫ್ಯಾನ್ಸಿ ಸ್ಟೋರ್ ಒಂದು 50 ಲಕ್ಷ ವ್ಯಾಪಾರ ಮಾಡಿದರೆ ವರ್ಷಕ್ಕೆ 50 ಸಾವಿರ, ಅಂದರೆ ಮೂರು ತಿಂಗಳಿಗೆ 12,500. ಕಮ್ಮಿ ಲಾಭದ ಅಂಗಡಿಗೆ ಇದೂ ಭಾರವೇ. ಆದರೆ ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ ಪೂರ್ತಿ ದರದ ತೆರಿಗೆ, ವರ್ಷಕ್ಕೆ ಶೇ 18 ಬಡ್ಡಿ, ಮೇಲೆ ದಂಡ. ರಾಜಿ ತೆರಿಗೆಯವರು ಬೇರೆ ರಾಜ್ಯಕ್ಕೆ ಸರಕು ಕಳಿಸುವಂತಿಲ್ಲ, ಖರೀದಿ ಮೇಲೆ ಕಟ್ಟಿದ ತೆರಿಗೆಯೂ ವಾಪಸ್ ಸಿಗಲ್ಲ. ಗಿರಾಕಿಗಳೂ ಗಮನಿಸಬೇಕು: ಇಂಥ ಅಂಗಡಿ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿ ಕೇಳುವ ಹಾಗಿಲ್ಲ.

ಯುಪಿಐ ಬಿಟ್ಟರೆ ಒಂದು ನಷ್ಟವೂ ಇದೆ. ಆದಾಯ ತೆರಿಗೆಯಲ್ಲಿ ಅಂದಾಜು ಲಾಭದ ಪದ್ಧತಿ ಹಿಡಿದವರಿಗೆ ನಗದು ಮಾರಾಟದ ಶೇ 8ರಷ್ಟನ್ನು ಲಾಭ ಅಂತ ತೋರಿಸಬೇಕು, ಡಿಜಿಟಲ್ ಆದರೆ ಶೇ 6 ಸಾಕು.

ಈಗಾಗಲೇ ಜಿಎಸ್‌ಟಿ ನಂಬರ್ ಇರುವವರು ಮುಂದಿನ ಹಣಕಾಸು ವರ್ಷಕ್ಕೆ ರಾಜಿ ತೆರಿಗೆಗೆ ಬರಬೇಕಾದರೆ ಮಾರ್ಚ್ 31ರೊಳಗೆ ಪೋರ್ಟಲ್‌ನಲ್ಲಿ ಸಿಎಂಪಿ-02 ಅರ್ಜಿ ಹಾಕಬೇಕು. ಹೊಸಬರು ನೋಂದಣಿ ಅರ್ಜಿಯಲ್ಲೇ ಆಯ್ಕೆ ಮಾಡಿಕೊಳ್ಳಬಹುದು.