ಬಿಡಿಸಿ ಹೇಳುವವರೂ ಬೇಕು

ಅಮೆರಿಕದಲ್ಲಿ 65 ದಾಟಿದವರಿಗೆ ಸರ್ಕಾರವೇ ಆರೋಗ್ಯ ವಿಮೆ ಕೊಡುವ ‘ಮೆಡಿಕೇರ್’ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಸಹಿ ಹಾಕಿದರು. ಮೊದಲ ಕಾರ್ಡು ಸಂದದ್ದು, ಇಂಥ ವಿಮೆಗಾಗಿ ಹೆಣಗಿ ಸೋತಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ. 1972ರ ತಿದ್ದುಪಡಿ ದುಡಿಯಲಾಗದ ಅಂಗವಿಕಲರನ್ನೂ ಇದರೊಳಗೆ ತಂದಿತು.

ಆದರೆ ಈ ವಿಮೆ ಎಲ್ಲ ಖರ್ಚನ್ನೂ ಭರಿಸುತ್ತಿರಲಿಲ್ಲ. ಕೊರತೆ ತುಂಬಲು ಖಾಸಗಿ ಪಾಲಿಸಿಗಳು ಬಂದವು. ನಿಯಮಗಳು ಅರ್ಥವಾಗದೆ ಅನೇಕ ವೃದ್ಧರು ಒಂದೇ ರಕ್ಷಣೆಗೆ ಎರಡೆರಡು ಪಾಲಿಸಿ ಕೊಂಡು ಕಂತು ಕಟ್ಟಿದರು. 1990ರ ಕಾನೂನು ಇಂಥ ಮಾರಾಟಕ್ಕೆ ಕಡಿವಾಣ ಹಾಕಿತು. ಉಚಿತ ಸಲಹೆ ನೀಡಲು ರಾಜ್ಯಗಳಿಗೆ ಹಣವನ್ನೂ ಒದಗಿಸಿತು. ಈ ಸಲಹೆಗಾರರಲ್ಲಿ ಅನೇಕರು ತರಬೇತಿ ಪಡೆದ ಸ್ವಯಂಸೇವಕರು. ಕಾಗದಪತ್ರ ನೋಡಿ ದಾರಿ ತೋರುತ್ತಾರೆ, ಏನನ್ನೂ ಮಾರುವುದಿಲ್ಲ.

ಹಕ್ಕು ಕೊಟ್ಟರೆ ಸಾಲದು, ಅದನ್ನು ಬಿಡಿಸಿ ಹೇಳುವವರೂ ಬೇಕೆಂದು ಕಾನೂನು ಒಪ್ಪಲು 25 ವರ್ಷ ಹಿಡಿಯಿತು.